ಪುಣ್ಯದ ಕೆಲಸ ಸರಿ, ಯಜಮಾನ ಹೇಗೆ?

ಹೋದ ತಿಂಗಳು ನನ್ನ ಕೈಯಲ್ಲಿ ಎರಡು ಆಫರ್ ಲೆಟರ್ ಇದ್ದವು. ಒಂದು, ಊರೂರಲ್ಲಿ ಆಸ್ಪತ್ರೆ ನಡೆಸುವ ಕಂಪನಿಯದು. ಇನ್ನೊಂದು, ಆಸ್ಪತ್ರೆಗಳಿಗೆ ಬೇಕಾದ ಯಂತ್ರ ಮಾಡುವ ವಿದೇಶಿ ಕಂಪನಿಯದು. ಐದು ವರ್ಷದಿಂದ ಬ್ಯಾಂಕಿನವರ ಬಡ್ಡಿ ಲೆಕ್ಕಕ್ಕೆ ಕೋಡ್ ಬರೆದು ಬರೆದು ಬೇಜಾರಾಗಿ, ನಾಲ್ಕು ಜನಕ್ಕೆ ಉಪಯೋಗ ಆಗುವ ಕಡೆ ಹೋಗೋಣ ಅಂತ ನಾನೇ ಹುಡುಕಿಕೊಂಡ ಕೆಲಸಗಳು. ಕೊಪ್ಪಕ್ಕೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

"ಔಷಧಿ, ಆಸ್ಪತ್ರೆ ಅಂದ್ರೆ ಪುಣ್ಯದ ಕೆಲಸ ಮಾರಾಯ. ಯಾವುದಕ್ಕೆ ಸೇರಿದ್ರೂ ಒಳ್ಳೇದೇ" ಅಂದ್ರು ಅಪ್ಪ.

ರಜೆಗೆ ಬಂದಿದ್ದ ಅಕ್ಕ ಪಕ್ಕದಲ್ಲೇ ಇದ್ದಳು ಅಂತ ಕಾಣತ್ತೆ. ಫೋನ್ ಇಸ್ಕೊಂಡು ಒಂದೇ ಮಾತು ಕೇಳಿದಳು: "ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡಬೇಕು ಅಂದಿದ್ದಾರಾ?"

ಅಕ್ಕ ನರ್ಸ್. 2016ರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಾಗ ಅವರು ಎರಡು ವರ್ಷದ ಬಾಂಡ್ ಬರೆಸಿಕೊಂಡು, ಮಾರ್ಕ್ಸ್‌ಕಾರ್ಡು, ಡಿಗ್ರಿ ಸರ್ಟಿಫಿಕೇಟು ಎಲ್ಲ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ವರ್ಷವಾದ ಮೇಲೆ ಅಮ್ಮನಿಗೆ ಹುಷಾರಿಲ್ಲದೆ ಅಕ್ಕ ಕೆಲಸ ಬಿಟ್ಟು ಊರಿಗೆ ಬರಬೇಕಾಯ್ತು. "80 ಸಾವಿರ ಕಟ್ಟಿ, ಸರ್ಟಿಫಿಕೇಟ್ ತಗೊಂಡು ಹೋಗಿ" ಅಂದರು. ತಿಂಗಳಿಗೆ 14 ಸಾವಿರ ಸಂಬಳದವಳು ಎಲ್ಲಿಂದ ಕಟ್ತಾಳೆ? ಐಸಿಯುನಲ್ಲಿ ಬೇರೆಯವರ ಅಮ್ಮಂದಿರನ್ನು ನೋಡಿಕೊಳ್ಳುತ್ತಾ ಉಳಿದ ಹನ್ನೊಂದು ತಿಂಗಳು ಕಳೆದಳು. ನಮ್ಮಮ್ಮನನ್ನು ಚಿಕ್ಕಮ್ಮ ಬಂದು ನೋಡಿಕೊಂಡರು.

ಹಾಗಾಗಿ ಅಪ್ಪನ ಮಾತೂ ಸುಳ್ಳಲ್ಲ, ಅಕ್ಕನ ಪ್ರಶ್ನೆಯೂ ಸಣ್ಣದಲ್ಲ. ಆರೋಗ್ಯದ ಕಂಪನಿ ರೋಗಿಗೆ ಒಳ್ಳೆಯದು ಮಾಡುತ್ತಿರಬಹುದು. ಅಲ್ಲಿ ದುಡಿಯುವವರಿಗೆ ಅದು ಎಂಥ ಯಜಮಾನ? ಎರಡು ಕಂಪನಿಗಳನ್ನು ಯಾವುದರಿಂದ ಅಳೆಯೋದು?

ಇಂಜಿನಿಯರ್ ಬುದ್ಧಿ ನೋಡಿ, ಮೊದಲು ಎಕ್ಸೆಲ್ ಶೀಟ್ ತೆಗೆದೆ. ಸಂಬಳ, ಆಫೀಸಿನ ದೂರ, ರಜೆ, ಇನ್ಶೂರೆನ್ಸ್, ಕ್ಯಾಬ್... ಎಲ್ಲ ತುಂಬಿಸಿದ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ. ಆಮೇಲೆ 'ಕೆಲಸಕ್ಕೆ ಅತ್ಯುತ್ತಮ ಕಂಪನಿಗಳು' ಅನ್ನೋ ಪಟ್ಟಿಗಳನ್ನು ಹುಡುಕಿದೆ. ಈ ಪಟ್ಟಿಗಳಿಗೂ ಒಂದು ಚರಿತ್ರೆ ಇದೆ. 1984ರಲ್ಲಿ ರಾಬರ್ಟ್ ಲೆವರಿಂಗ್, ಮಿಲ್ಟನ್ ಮಾಸ್ಕೊವಿಟ್ಜ್ ಮೊದಲಾದವರು ಸೇರಿ ಅಮೆರಿಕದಲ್ಲಿ ಕೆಲಸ ಮಾಡಲು ಒಳ್ಳೆಯದಾದ 100 ಕಂಪನಿಗಳ ಮೇಲೆ ಪುಸ್ತಕ ಬರೆದರು. 1998ರಿಂದ ಅದು ಫಾರ್ಚ್ಯೂನ್ ಪತ್ರಿಕೆಯ ವಾರ್ಷಿಕ ಪಟ್ಟಿಯಾಯ್ತು. 2006ರಲ್ಲಿ ಅದರಲ್ಲಿ ಮೊದಲ ಸ್ಥಾನ ಪಡೆದದ್ದು ಜೆನೆನ್‌ಟೆಕ್, ಔಷಧಿ ಕಂಪನಿ. ಮರುವರ್ಷ ಆ ಜಾಗಕ್ಕೆ ಗೂಗಲ್ ಬಂತು. 'ಸೈನ್ಸ್' ಪತ್ರಿಕೆ ಬಯೋಟೆಕ್ ಮತ್ತು ಔಷಧಿ ಕಂಪನಿಗಳಿಗೇ ಅಂತ 2002ರಿಂದ ಬೇರೆ ಸಮೀಕ್ಷೆ ನಡೆಸಿಕೊಂಡು ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಅದರ ಮೊದಲ 20ರೊಳಗೆ ಹಲವು ಸಲ ಬಂದಿದೆ.

ಪಟ್ಟಿಗಳು ತಪ್ಪು ಅಂತಲ್ಲ. ಆದರೆ ಅವು ಹೇಳೋದು ಆ ಒಂದು ವರ್ಷದ ಸುದ್ದಿ. ನಮ್ಮ ಕಡೆ ಒಂದು ವರ್ಷದ ಮಳೆ ನೋಡಿ ಯಾರೂ ಅಡಿಕೆ ತೋಟ ಕೊಳ್ಳಲ್ಲ. ಕೊಳೆರೋಗ ಬಂದ ವರ್ಷ ತೋಟ ಹೇಗಿತ್ತು ಅಂತ ಪಕ್ಕದ ಮನೆಯವರನ್ನು ಕೇಳ್ತಾರೆ. ನಾನೂ ಹಾಗೇ ಹಳೇ ಕಂಪನಿಗಳ ಕಥೆ ಓದೋಕೆ ಕೂತೆ. ಎಕ್ಸೆಲ್‌ನಲ್ಲಿ ಎರಡು ಹೊಸ ಕಾಲಂ ಸೇರಿಸಿದೆ: ಕಷ್ಟ ಬಂದಾಗ ಮೊದಲ ಏಟು ಯಾರಿಗೆ ಬಿತ್ತು? ಬಿಟ್ಟು ಹೋಗುವವರು ಕೈಯಲ್ಲಿ ಏನು ಹಿಡಿದು ಹೋದರು?

ಮೊದಲನೇ ಕಥೆ ಕಲ್ಕತ್ತೆಯದು. ಪ್ರಫುಲ್ಲಚಂದ್ರ ರಾಯ್ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಮಾಡಿ ಬಂದು 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಅವರ ಸಂಬಳ ತಿಂಗಳಿಗೆ 250 ರೂಪಾಯಿ. ಮೇಲಿನ ದರ್ಜೆಯ ಹುದ್ದೆಗಳೇನಿದ್ದರೂ ಬಿಳಿಯರಿಗೆ. ಓದಿದ ಬಂಗಾಳಿ ಹುಡುಗರೆಲ್ಲ ಗುಮಾಸ್ತಗಿರಿಗೆ ಸಾಲು ನಿಲ್ಲೋದನ್ನು ನೋಡಿ ಅವರಿಗೆ ಸಂಕಟ. 1892ರಲ್ಲಿ ಸುಮಾರು 700 ರೂಪಾಯಿ ಉಳಿತಾಯ ಹಾಕಿ ಬಾಡಿಗೆ ಮನೆಯಲ್ಲಿ ಬೆಂಗಾಲ್ ಕೆಮಿಕಲ್ ಶುರು ಮಾಡಿದರು. ಔಷಧಿಗೆ ಬೇಕಾದ ಫಾಸ್ಫೇಟ್ ತೆಗೆಯೋಕೆ ದನದ ಮೂಳೆ ತಂದು ಮಾಳಿಗೆ ಮೇಲೆ ಒಣಹಾಕಿ ಅಕ್ಕಪಕ್ಕದವರಿಂದ ಬೈಸಿಕೊಂಡರಂತೆ. 1901ರಲ್ಲಿ ಅದು ಲಿಮಿಟೆಡ್ ಕಂಪನಿ ಆಯ್ತು.

ನನಗೆ ಇಷ್ಟವಾದ್ದು ಅದರ ಗುರಿ. ಸಾಮಾನ್ಯವಾಗಿ ಕಂಪನಿ ಶುರುವಾಗೋದು ಮಾಲು ಮಾರೋಕೆ, ಅದಕ್ಕಾಗಿ ಜನ ಬೇಕಾಗ್ತಾರೆ. ಇಲ್ಲಿ ಓದಿದ ಹುಡುಗರಿಗೆ ಮಾನದ ಕೆಲಸ ಬೇಕು ಅನ್ನೋದೇ ಕಂಪನಿಗೆ ಒಂದು ಕಾರಣ. 1903ರಲ್ಲಿ ಅಲ್ಲಿ ಕೆಮಿಸ್ಟ್ ಆಗಿ ಸೇರಿದ ರಾಜಶೇಖರ ಬಸು ಮುಂದೆ ಅದನ್ನು ನಡೆಸುವ ಮಟ್ಟಕ್ಕೆ ಬೆಳೆದು 1932ರವರೆಗೂ ಇದ್ದರು. ಇದೇ ಬಸು 'ಪರಶುರಾಮ್' ಅನ್ನೋ ಹೆಸರಲ್ಲಿ ಬಂಗಾಳಿಗೆ ಅದ್ಭುತವಾದ ಹಾಸ್ಯ ಕಥೆಗಳನ್ನು ಬರೆದವರು, ನಿಘಂಟು ಮಾಡಿದವರು. ಹಗಲು ಕೆಲಸ ಮಾಡಿ ಬಂದ ಮೇಲೂ ಮನುಷ್ಯನೊಳಗೆ ಬರೆಯೋಕೆ ಏನಾದರೂ ಮಿಕ್ಕಿರುತ್ತಲ್ಲ, ಅದೂ ಕಂಪನಿಯ ಒಂದು ಗುಣವೇ ಅನ್ಸತ್ತೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಬರೆಯೋಕೆ ಕೂರುವವರಿಗೆ ಇದು ಗೊತ್ತಿರುತ್ತೆ :)

ಮುಂದೆ ಬೆಂಗಾಲ್ ಕೆಮಿಕಲ್ ನಷ್ಟಕ್ಕೆ ಬಿತ್ತು. 1980ರಲ್ಲಿ ಕೇಂದ್ರ ಸರಕಾರ ಅದನ್ನು ರಾಷ್ಟ್ರೀಕರಣ ಮಾಡಿತು. 2016ರ ಕೊನೆಗೆ ಮಾರೋಕೆ ತೀರ್ಮಾನಿಸಿತು. ಆಗ ಕೋರ್ಟಿಗೆ ಹೋದದ್ದು ನೌಕರರು. 2018ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. ಕೆಲಸಗಾರರು ಕಂಪನಿಯ ಮೇಲೆ ಕೇಸು ಹಾಕೋದನ್ನು ಬೇಕಾದಷ್ಟು ಕೇಳಿದ್ದೇವೆ. ಕಂಪನಿ ಉಳಿಸಿ ಅಂತ ಹಾಕಿದ ಕೇಸು ಎಷ್ಟು ಕೇಳಿದ್ದೀರಿ?

ಎರಡನೇ ಕಥೆ ಅಮೆರಿಕದ್ದು. ಜಾನ್ಸನ್ ಅಂಡ್ ಜಾನ್ಸನ್ ಅಂದ್ರೆ ನಮಗೆಲ್ಲ ತೊಟ್ಟಿಲಿನ ವಾಸನೆ, ಬೇಬಿ ಪೌಡರ್. 1886ರಲ್ಲಿ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೂವರು ಅಣ್ಣತಮ್ಮಂದಿರು ಹುಟ್ಟುಹಾಕಿದ ಕಂಪನಿ. ಅಲ್ಲಿಯ ಮೊದಲ 14 ಕೆಲಸಗಾರರಲ್ಲಿ ಎಂಟು ಜನ ಹೆಂಗಸರು. ಸ್ಥಾಪಕನ ಮಗ ರಾಬರ್ಟ್ ವುಡ್ ಜಾನ್ಸನ್ 1935ರಲ್ಲಿ, ಆರ್ಥಿಕ ಕುಸಿತದ ನಡುವೆ, ಕಂಪನಿಗಳಿಗೆ ಸಮಾಜದ ಮೇಲೂ ಜವಾಬ್ದಾರಿ ಇದೆ ಅಂತ ಕಿರುಹೊತ್ತಗೆ ಬರೆದು ಉದ್ಯಮಿಗಳಿಗೆ ಹೇಳಿದ. 1943ರಲ್ಲಿ ಒಂದು ಪುಟದ 'ಕ್ರೀಡೋ' ಬರೆದ. ಕ್ರೀಡೋ ಅಂದರೆ ನಂಬಿಕೆಯ ಮಾತು. ಅದರಲ್ಲಿ ಯಾರಿಗೆ ಕಂಪನಿ ಋಣಿ ಅಂತ ಸಾಲಾಗಿ ಹೇಳಿದ್ದಾನೆ. ಮೊದಲು ವೈದ್ಯರು, ನರ್ಸ್‌ಗಳು, ತಾಯಂದಿರು. ಎರಡನೆಯದು ಕೆಲಸಗಾರರು: ಅವರಿಗೆ ಕೆಲಸ ಹೋಗುವ ಭಯ ಇರಬಾರದು, ಸಂಬಳ ನ್ಯಾಯವಾಗಿರಬೇಕು, ದೂರು ಹೇಳಿಕೊಳ್ಳೋಕೆ ಒಂದು ದಾರಿ ಇರಬೇಕು. ಶೇರುದಾರರು ಕಟ್ಟಕಡೆಗೆ.

ತಮಾಷೆ ಏನಂದ್ರೆ ಮರುವರ್ಷವೇ, 1944ರಲ್ಲಿ, ಕಂಪನಿಯ ಶೇರುಗಳು ಮಾರುಕಟ್ಟೆಗೆ ಬಂದವು. ಅಂದರೆ ದುಡ್ಡು ಹಾಕೋಕೆ ಬರುವವರಿಗೆ "ನೀವು ಪಂಕ್ತಿಯಲ್ಲಿ ಕೊನೇ ಎಲೆ" ಅಂತ ಮೊದಲೇ ಹೇಳಿಟ್ಟ ಹಾಗೆ! 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಕಂಪನಿ ಅಂಗಡಿಗಳಲ್ಲಿದ್ದ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸು ತರಿಸಿತು. ಖರ್ಚು 10 ಕೋಟಿ ಡಾಲರ್ ಮೀರಿತು. ಅದು ಪಂಕ್ತಿಯ ಕೊನೇ ಎಲೆಯಿಂದ ಎತ್ತಿದ ದುಡ್ಡು.

ಇಲ್ಲಿಗೇ ನಿಲ್ಲಿಸಿದರೆ ಪುರಾಣ ಆಗತ್ತೆ, ಚರಿತ್ರೆ ಆಗಲ್ಲ. ಅದೇ ಕಂಪನಿ 2021ರಲ್ಲಿ ಬೇಬಿ ಪೌಡರಿನ ಮೊಕದ್ದಮೆಗಳನ್ನೆಲ್ಲ ಹೊಸದಾಗಿ ಮಾಡಿದ ಒಂದು ಸಣ್ಣ ಕಂಪನಿಯ ತಲೆಗೆ ಕಟ್ಟಿ, ಆ ಸಣ್ಣ ಕಂಪನಿಯಿಂದ ದಿವಾಳಿ ಅರ್ಜಿ ಹಾಕಿಸಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕ್ರೀಡೋ ಕಲ್ಲಿನಲ್ಲಿ ಕೆತ್ತಿಸಿಟ್ಟದ್ದು ಆಗಲೂ ಹಾಗೇ ಇತ್ತು. 1943ರ ಕಾಗದ 1982ರಲ್ಲಿ ಕೆಲಸ ಮಾಡಿದ್ದು ಆವತ್ತು ಅದನ್ನು ನಂಬಿದ ಜನ ಕುರ್ಚಿಯಲ್ಲಿ ಇದ್ದಿದ್ದರಿಂದ. ಬರೀ ಗೋಡೆ ಮೇಲಿನ ಬರಹ ನೋಡಿ ಕಂಪನಿ ಸೇರಿದರೆ ಮೋಸ ಹೋಗ್ತೀವಿ.

ಮೂರನೇ ಕಥೆ ನಮ್ಮ ಸರಕಾರದ್ದು. ಬೆಂಗಳೂರಿನವರಿಗೆ ಎಚ್ಎಂಟಿ, ಐಟಿಐ, ಬಿಇಎಲ್ ಕಾಲೋನಿಗಳು ಹೇಗೋ, ಹೈದರಾಬಾದಿನವರಿಗೆ ಐಡಿಪಿಎಲ್ ಹಾಗೆ. ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಲಿಮಿಟೆಡ್, 1961ರಲ್ಲಿ ಸೋವಿಯತ್ ರಷ್ಯದ ನೆರವಿನಿಂದ ಹುಟ್ಟಿದ್ದು. ಋಷಿಕೇಶದಲ್ಲಿ ಆಂಟಿಬಯೋಟಿಕ್, ಹೈದರಾಬಾದಿನಲ್ಲಿ ಸಿಂಥೆಟಿಕ್ ಔಷಧಿ, ಮದ್ರಾಸಿನಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆ. ಕಾರ್ಖಾನೆಯ ಜೊತೆಗೇ ಕ್ವಾರ್ಟರ್ಸು, ಶಾಲೆ. ಸೇರಿದವರು ನಿವೃತ್ತಿಯ ದಿನದವರೆಗೂ ನಿಶ್ಚಿಂತೆ ಅಂದುಕೊಂಡಿದ್ದರು. ನಮ್ಮ ಅಪ್ಪನ ತಲೆಮಾರಿನವರ ಎಕ್ಸೆಲ್ ಶೀಟಿನಲ್ಲಿ ಇದ್ದದ್ದೇ ಒಂದು ಕಾಲಂ: 'ಪರ್ಮನೆಂಟಾ?'

ಪರ್ಮನೆಂಟ್ ಆಗಲಿಲ್ಲ. ಕಂಪನಿ 1992ರಲ್ಲಿ ರೋಗಗ್ರಸ್ತ ಅಂತ ಘೋಷಣೆಯಾಯ್ತು. (ಔಷಧಿ ಕಂಪನಿಗೆ ಎಂಥಾ ಪದ ನೋಡಿ!) 1996ರ ಹೊತ್ತಿಗೆ ಹೈದರಾಬಾದಿನ ಯಂತ್ರಗಳು ನಿಂತವು. ಸ್ವಯಂ ನಿವೃತ್ತಿ ಯೋಜನೆಯಲ್ಲಿ ಜನ ಮನೆಗೆ ಹೋದರು. 2016ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮುಚ್ಚೋದೇ ಸರಿ ಅಂದಿತು. ಸರಕಾರಿ ಕಂಪನಿ ಅಂದ ಮಾತ್ರಕ್ಕೆ ಹೀಗೇ ಆಗಬೇಕು ಅಂತಿಲ್ಲ. ನಮ್ಮ ಪೀಣ್ಯದಲ್ಲಿ 1981ರಲ್ಲಿ ಕೇಂದ್ರ-ರಾಜ್ಯ ಸೇರಿ ಮಾಡಿದ ಕರ್ನಾಟಕ ಆಂಟಿಬಯೋಟಿಕ್ಸ್ ಸಣ್ಣದಾಗಿದ್ದುಕೊಂಡೇ ವರ್ಷಗಟ್ಟಲೆ ಲಾಭ ಮಾಡಿತು.

ಆದರೆ ಐಡಿಪಿಎಲ್ ಕಥೆಗೆ ಇನ್ನೊಂದು ಅಧ್ಯಾಯ ಇದೆ. 1969ರಲ್ಲಿ ಅಲ್ಲಿಗೆ ಒಬ್ಬ ಯುವ ವಿಜ್ಞಾನಿ ಸೇರಿದರು. ಗುಂಟೂರು ಜಿಲ್ಲೆಯ ತಾಡೇಪಲ್ಲಿಯ ಅರಿಶಿನ ಬೆಳೆಯುವ ರೈತನ ಮಗ, ಪುಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯಲ್ಲಿ ಪಿಎಚ್‌ಡಿ ಮಾಡಿದವರು. ಆರು ವರ್ಷ ಅಲ್ಲಿ ಕೆಲಸ ಕಲಿತು 1975ರಲ್ಲಿ ಬಿಟ್ಟರು. ಹೆಸರು ಕಲ್ಲಂ ಅಂಜಿ ರೆಡ್ಡಿ. 1984ರಲ್ಲಿ ಅವರು ಶುರು ಮಾಡಿದ್ದೇ ಡಾ. ರೆಡ್ಡೀಸ್. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದು, ಔಷಧಿಗೆ ಪೇಟೆಂಟ್ ಇಲ್ಲ, ಮಾಡುವ ವಿಧಾನಕ್ಕೆ ಮಾತ್ರ ಅಂದಾಗ, ಬೇರೆ ವಿಧಾನ ಕಂಡುಹಿಡಿಯಬಲ್ಲ ಕೆಮಿಸ್ಟುಗಳು ದೇಶಕ್ಕೆ ಬೇಕಾದರು. ಅಂಥವರನ್ನು ತಯಾರು ಮಾಡಿದ ಜಾಗಗಳಲ್ಲಿ ಐಡಿಪಿಎಲ್ ಒಂದು. ಅದು ಕಾರ್ಖಾನೆಯಾಗಿ ಸೋತು ಶಾಲೆಯಾಗಿ ಗೆದ್ದಿತು. ಹೈದರಾಬಾದ್ ಇವತ್ತು ಔಷಧಿ ನಗರ ಅನ್ನಿಸಿಕೊಂಡದ್ದರಲ್ಲಿ ಆ ಶಾಲೆಯ ಪಾಲು ದೊಡ್ಡದು.

ಅಂದ್ರೆ ನನ್ನ ಮೊದಲ ಕಾಲಂನಲ್ಲಿ ಐಡಿಪಿಎಲ್‌ಗೆ ಸೊನ್ನೆ, ಎರಡನೆಯದರಲ್ಲಿ ನೂರಕ್ಕೆ ನೂರು. ಹೋಗುವವರು ಕಲಿತದ್ದನ್ನು ಹೊತ್ತುಕೊಂಡು ಹೋದರು. ಇದ್ದವರು ನಂಬಿಕೆ ಕಳೆದುಕೊಂಡರು.

ನಾಲ್ಕನೆಯದು ನಮ್ಮೂರಿನದೇ. 1978ರಲ್ಲಿ 25 ವರ್ಷದ ಕಿರಣ್ ಮಜುಂದಾರ್ ಬೆಂಗಳೂರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಪರಂಗಿಹಣ್ಣಿನ ಹಾಲಿನಿಂದ ಪಪೇನ್ ತೆಗೆಯೋದು ಮೊದಲ ಕೆಲಸಗಳಲ್ಲೊಂದು. ಐರ್ಲೆಂಡಿನ ಲೆಸ್ಲಿ ಆಕಿನ್‌ಕ್ಲಾಸ್ ಅವರ ಕಂಪನಿ ಪಾಲುದಾರ. ಇಲ್ಲಿ ತಕ್ಕಡಿ ಉಲ್ಟಾ ಇತ್ತು. ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಸೇರೋಕೇ ಜನ ಹಿಂದೆಮುಂದೆ ನೋಡಿದರು ಅಂತ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಯಜಮಾನಿಗೇ ಇಂಟರ್‌ವ್ಯೂ! ಮೊದಲು ಬಂದವರಲ್ಲೊಬ್ಬರು ನಿವೃತ್ತ ಗ್ಯಾರೇಜ್ ಮೆಕ್ಯಾನಿಕ್. ಮುಂದೆ ಕಂಪನಿ ನೌಕರರಿಗೂ ಶೇರು ಕೊಡುವ ಯೋಜನೆ ಮಾಡಿತು. 2004ರಲ್ಲಿ ಶೇರು ಮಾರುಕಟ್ಟೆಗೆ ಬಂದ ಮೊದಲ ದಿನವೇ ಕಂಪನಿಯ ಬೆಲೆ ನೂರು ಕೋಟಿ ಡಾಲರ್ ದಾಟಿತು. ಜಾನ್ಸನ್ ಕೆಲಸಗಾರರನ್ನು ಒಂದು ಸಾಲಿನಲ್ಲೂ ಶೇರುದಾರರನ್ನು ಇನ್ನೊಂದು ಸಾಲಿನಲ್ಲೂ ಕೂರಿಸಿದ್ದ. ಇಲ್ಲಿ ಕೆಲವರಾದರೂ ಎರಡೂ ಸಾಲಿನಲ್ಲಿ ಕೂತರು.

ನಾಲ್ಕು ಕಥೆ ಓದಿ ಖುಷಿಯಾಗಿ ಅಕ್ಕನಿಗೆ ಫೋನ್ ಮಾಡಿ ಒಪ್ಪಿಸಿದೆ. ಸಾವಧಾನವಾಗಿ ಕೇಳಿ, "ಎಲ್ಲ ಸರಿ. ಇದರಲ್ಲಿ ನಾವೆಲ್ಲಿದ್ದೀವಿ?" ಅಂದಳು.

ಹೌದಲ್ವಾ... ನನ್ನ ಕಥೆಯಲ್ಲಿ ಕೆಮಿಸ್ಟ್ ಇದ್ದ, ವಿಜ್ಞಾನಿ ಇದ್ದ. ಆಸ್ಪತ್ರೆಯ ರಾತ್ರಿ ಪಾಳಿಯವರು ಇರಲೇ ಇಲ್ಲ. ಜಾನ್ಸನ್ನನ ಪಂಕ್ತಿಯಲ್ಲಿ ನರ್ಸ್‌ಗಳಿಗೆ ಮೊದಲ ಎಲೆ, ನಿಜ. ಆದರೆ ಅದು ಕೊಳ್ಳುವವರಾಗಿ. ಅವರಿಗೆ ಸಂಬಳ ಕೊಡುವ ಆಸ್ಪತ್ರೆ ಹಾಕುವ ಎಲೆಯೇ ಬೇರೆ. 2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಬೀದಿಗಿಳಿದಾಗ ಕೇಳಿದ್ದು ಬರೀ ಸಂಬಳವನ್ನಲ್ಲ, ಬಾಂಡಿನಿಂದ ಬಿಡುಗಡೆಯನ್ನೂ. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. 2016ರ ಜನವರಿಯಲ್ಲಿ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ನರ್ಸ್‌ಗೆ ಸರಕಾರಿ ನರ್ಸ್‌ನಷ್ಟೇ ಸಂಬಳ ಇರಬೇಕು, 50ಕ್ಕಿಂತ ಕಮ್ಮಿ ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲೂ 20 ಸಾವಿರಕ್ಕಿಂತ ಕಮ್ಮಿ ಇರಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಜಾರಿ ಮಾಡೋದು ರಾಜ್ಯಗಳ ಕೈಗೆ ಬಿಟ್ಟದ್ದು. ಅಕ್ಕ 14 ಸಾವಿರಕ್ಕೆ ಬಾಂಡ್ ಬರೆದುಕೊಟ್ಟದ್ದೂ ಅದೇ 2016ರಲ್ಲಿ.

ಅಂಜಿ ರೆಡ್ಡಿಯ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಆರು ವರ್ಷ ಕಲಿತವರು ಹೊರಗೆ ಹೋಗಿ ಕಂಪನಿ ಕಟ್ಟಿದರು, ಅದಕ್ಕೆ ನಾವು ಚಪ್ಪಾಳೆ ತಟ್ಟಿದೆವು. ನಾಲ್ಕು ವರ್ಷ ಓದಿ ಸಂಪಾದಿಸಿದ ತನ್ನದೇ ಮಾರ್ಕ್ಸ್‌ಕಾರ್ಡನ್ನು ಒಬ್ಬಳು ನರ್ಸ್ ಹೊರಗೆ ತಗೊಂಡು ಹೋಗೋಕೆ 80 ಸಾವಿರ. ಐಡಿಪಿಎಲ್ ಅಂಜಿ ರೆಡ್ಡಿಯವರ ಪಿಎಚ್‌ಡಿ ಸರ್ಟಿಫಿಕೇಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ?

ನನಗೆ ಅರ್ಥವಾದದ್ದು ಇಷ್ಟು. ಕಂಪನಿ ಮಾಡುವ ವಸ್ತು ಪುಣ್ಯದ್ದಾದರೆ ಆ ಪುಣ್ಯ ತಾನಾಗೇ ಕೆಲಸಗಾರನ ಪಾಲಿಗೆ ಇಳಿದು ಬರೋದಿಲ್ಲ. ಒಳಗೆ ಬರುವಾಗ ಎಲ್ಲರೂ ಹೂವು ಕೊಡ್ತಾರೆ, ಲ್ಯಾಪ್‌ಟಾಪ್ ಬ್ಯಾಗ್ ಕೊಡ್ತಾರೆ. ಯಜಮಾನ ಎಂಥವನು ಅಂತ ಗೊತ್ತಾಗೋದು ನಷ್ಟದ ವರ್ಷದಲ್ಲಿ ಮತ್ತು ರಾಜೀನಾಮೆ ಕೊಟ್ಟ ದಿನ.

ಮಾರನೇ ದಿನ ಎರಡೂ ಕಡೆಯ ಎಚ್ಆರ್‌ಗಳಿಗೆ ಫೋನ್ ಮಾಡಿ ಬಿಡೋವಾಗಿನ ನಿಯಮ ಏನು ಅಂತ ಕೇಳಿದೆ. ಇನ್ನೂ ಸೇರದೇ ಬಿಡೋದರ ಬಗ್ಗೆ ಕೇಳ್ತಾನಲ್ಲ ಅಂತ ಇಬ್ಬರಿಗೂ ಆಶ್ಚರ್ಯ. ಆಸ್ಪತ್ರೆಯವರು, "ಒರಿಜಿನಲ್ಸ್ ಎರಡು ವರ್ಷ ನಮ್ಮಲ್ಲೇ ಇರುತ್ತೆ ಸಾರ್, ಸೇಫ್ ಆಗಿರುತ್ತೆ" ಅಂದರು. ಯಂತ್ರದ ಕಂಪನಿಯವರು, ಒರಿಜಿನಲ್ ನೋಡಿ ಅವತ್ತೇ ವಾಪಸು ಕೊಡ್ತೀವಿ, ನೋಟಿಸ್ ಎರಡು ತಿಂಗಳು ಅಂದರು. ಸಂಬಳ ವರ್ಷಕ್ಕೆ ಒಂದು ಲಕ್ಷ ಕಮ್ಮಿ. ಇರಲಿ ಅಂತ ಅಲ್ಲಿಗೇ ಸೇರಿದೆ. ಅವರ ನಷ್ಟದ ವರ್ಷವನ್ನು ನಾನಿನ್ನೂ ನೋಡಿಲ್ಲ. ಹಾಗಾಗಿ ಸರ್ಟಿಫಿಕೇಟ್ ಈಗಲೇ ಕೊಡಲ್ಲ!

ಅಕ್ಕನಿಗೆ ಹೇಳಿದಾಗ ಅವಳಿಗೆ ಖುಷಿಯಾಯ್ತು. ಈಗ ಅವಳು ಸರಕಾರಿ ತಾಲೂಕು ಆಸ್ಪತ್ರೆಯಲ್ಲಿದ್ದಾಳೆ, ಮಾರ್ಕ್ಸ್‌ಕಾರ್ಡು ಅಮ್ಮನ ಸೀರೆಗಳ ಕೆಳಗೆ ಟ್ರಂಕಿನಲ್ಲಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು.

"ನಿಂಗೆ ಹಾಗಂದ್ರು, ಸರಿ. ಅಲ್ಲಿ ಕಾಂಟ್ರಾಕ್ಟ್ ಮೇಲೆ ಯಂತ್ರ ಜೋಡಿಸೋರಿಗೆ, ಗೇಟಲ್ಲಿ ನಿಲ್ಲೋರಿಗೆ ಏನು ನಿಯಮ ಅಂತ ಕೇಳಿದ್ಯೇನೋ?"

ಕೇಳಿರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಈಗಲೂ ಖಾಲಿ ಇದೆ. ನಿಮ್ಮ ಶೀಟಿನಲ್ಲಿ?